ಮೂಗಿನ ಮೇಲೆ ಅಡುಗೆಮನೆ

ಮುಖದ ಮೇಲೆ ಒಂದು ಮೊಡವೆ ಎದ್ದರೆ ಸಾಕು, ಆ ಮುಖ ನಿಮ್ಮದಾಗಿ ಉಳಿಯುವುದಿಲ್ಲ. ಸಾರ್ವಜನಿಕ ಆಸ್ತಿಯಾಗುತ್ತದೆ. "ಅಯ್ಯೋ, ಏನಿದು ಮುಖದ ಮೇಲೆ?" ಎಂದು ದಾರಿಯಲ್ಲಿ ಹೋಗುವವರೂ ನಿಲ್ಲಿಸಿ ಕೇಳುತ್ತಾರೆ. ಬೆಳಿಗ್ಗೆಯಿಂದ ಕನ್ನಡಿ ಬಿಟ್ಟು ಬೇರೇನನ್ನೂ ನೋಡದ ನನಗೆ ಅದು ಗೊತ್ತೇ ಇಲ್ಲವೇನೋ ಅನ್ನುವ ಹಾಗೆ.

ನನ್ನ ಮೂಗಿನ ತುದಿಯಲ್ಲಿ ಹೀಗೊಂದು ಕೆಂಪು ದೀಪ ಹತ್ತಿಕೊಂಡಾಗ, ಎರಡೇ ದಿನದಲ್ಲಿ ಹನ್ನೊಂದು ಮದ್ದು ಬಂದು ಬಿದ್ದವು. ನಿಂಬೆರಸ, ಅಡುಗೆ ಸೋಡಾ, ಸಕ್ಕರೆ, ಮೊಟ್ಟೆಯ ಬಿಳಿ, ಜೇನುತುಪ್ಪ, ಟೂತ್‌ಪೇಸ್ಟ್... ಮೊಡವೆ ವಾಸಿ ಮಾಡಬೇಕೋ, ಮುಖದ ಮೇಲೆ ಕೇಕ್ ಬೇಯಿಸಬೇಕೋ ತಿಳಿಯಲಿಲ್ಲ. ಟೂತ್‌ಪೇಸ್ಟ್ ಬಹುಶಃ ಕೇಕ್ ತಿಂದಾದ ಮೇಲೆ ಉಜ್ಜಿಕೊಳ್ಳುವುದಕ್ಕೆ.

ಎಲ್ಲಕ್ಕಿಂತ ಜಾಸ್ತಿ ಏಟು ತಿನ್ನುವುದು ಬ್ಲ್ಯಾಕ್‌ಹೆಡ್. ಅದು ಕಪ್ಪಗಿದೆ, ಆದ್ದರಿಂದ ಕೊಳೆ, ಆದ್ದರಿಂದ ತಿಕ್ಕು. ಇಷ್ಟೇ ತರ್ಕ. ಪಾಪ, ಅದು ಕೊಳೆಯಲ್ಲ. ಚರ್ಮದ ಸಣ್ಣ ರಂಧ್ರದಲ್ಲಿ ಜಿಡ್ಡು ಮತ್ತು ಸತ್ತ ಜೀವಕೋಶಗಳು ಸೇರಿಕೊಂಡು ಬಿರಡೆ ಕಟ್ಟುತ್ತವೆ. ರಂಧ್ರದ ಬಾಯಿ ತೆರೆದಿದ್ದರೆ ಬಿರಡೆಯ ತುದಿ ಗಾಳಿಗೆ ಸಿಕ್ಕಿ ಕಪ್ಪಾಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದರಲ್ಲಿರುತ್ತದೆ. ಬಾಯಿ ಮುಚ್ಚಿದ್ದರೆ ಅದೇ ಬಿರಡೆಗೆ ವೈಟ್‌ಹೆಡ್ ಎಂದು ಹೆಸರು. ಹೆಚ್ಚಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗಿದರೆ ಯಾರೂ ಸೋಪು ಹಾಕಿ ತಿಕ್ಕುವುದಿಲ್ಲ ಅಲ್ವಾ? ಮೂಗನ್ನು ಮಾತ್ರ ತಳ ಹಿಡಿದ ಪಾತ್ರೆಯ ಹಾಗೆ ಉಜ್ಜುತ್ತೇವೆ.

ಇನ್ನೊಂದು ತಮಾಷೆ. ಮೂಗಿನ ಮೇಲೆ ಸಾಲಾಗಿ ಕಾಣುವ ಬೂದು ಚುಕ್ಕೆಗಳು ಎಷ್ಟೋ ಸಲ ಬ್ಲ್ಯಾಕ್‌ಹೆಡ್ ಆಗಿರುವುದೇ ಇಲ್ಲ. ಜಿಡ್ಡು ಮೇಲೆ ಬರುವ ದಾರಿ ಅದು. ಎಲ್ಲರ ಮೂಗಿನಲ್ಲೂ ಇರುತ್ತದೆ. ಮೂಗಿಗೆ ಅಂಟುಪಟ್ಟಿ ಹಾಕಿ ಕಿತ್ತರೆ ಒಂದು ತಿಂಗಳೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಆದರೂ ಕಿತ್ತ ಪಟ್ಟಿಯನ್ನು ಬೆಳಕಿಗೆ ಹಿಡಿದು, ಯುದ್ಧ ಗೆದ್ದವರ ಹಾಗೆ ನೋಡುವ ಆ ಸುಖವೇ ಬೇರೆ. ನಾನೂ ನೋಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೂರನೆಯ ದಿನ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ಅವರನ್ನು ನಿಂಬೆಹಣ್ಣಿನವರು ಎಂದೇ ಕರೆಯೋಣ.

"ನಿಂಬೆರಸ ಹಚ್ಚಿದ್ರಾ?"

"ಹಚ್ಚಿದೆ. ಸಿಕ್ಕಾಪಟ್ಟೆ ಉರೀತು."

"ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ."

ಬೆಂಕಿಯೂ ಹೀಗೇ ಕೆಲಸ ಮಾಡುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ಚರ್ಮದ್ದು ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಈ ಲೆಕ್ಕದಲ್ಲಿ ಅಂಕೆ ಒಂದೊಂದು ಮೆಟ್ಟಿಲು ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ಅಂದರೆ ಚರ್ಮಕ್ಕಿಂತ ಸುಮಾರು ಸಾವಿರ ಪಟ್ಟು ಹುಳಿಯಾದದ್ದನ್ನು ಒಂದು ಗುಳ್ಳೆಯ ಮೇಲೆ ಸುರಿದಿದ್ದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಬೊಬ್ಬೆ ಬರುವುದೂ ಉಂಟು, ಕಲೆ ತಿಂಗಳುಗಟ್ಟಲೆ ಕೂರುವುದೂ ಉಂಟು. ಇದನ್ನು ಹೇಳಿದರೆ ಅವರ ಬಳಿ ಉತ್ತರ ರೆಡಿ: "ಹಾಗಾದ್ರೆ ಸೋಡಾ ಹಚ್ಚಿ, ಸಮ ಆಗುತ್ತೆ." ಹುಳಿಯಲ್ಲಿ ಬೆಂದ ಮುಖಕ್ಕೆ ಕ್ಷಾರದ ಶಿಕ್ಷೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಎತ್ತೂ ನಾನೇ, ಎಮ್ಮೆಯೂ ನಾನೇ.

ಮನೆಮದ್ದಿನ ಕಾನೂನು ಬಹಳ ಗಟ್ಟಿ. ಉರಿದರೆ ಕೆಲಸ ಮಾಡುತ್ತಿದೆ. ಉರಿಯದಿದ್ದರೆ ನಿಧಾನವಾಗಿ ಕೆಲಸ ಮಾಡುತ್ತಿದೆ. ಮೊಡವೆ ಹೋದರೆ ಮದ್ದಿನಿಂದ ಹೋಯಿತು. ಒಂದಿದ್ದದ್ದು ಆರಾದರೆ "ಒಳಗಿದ್ದದ್ದೆಲ್ಲ ಹೊರಗೆ ಬರ್ತಿದೆ, ಒಳ್ಳೇದೇ ಆಯ್ತು". ಏನೂ ಆಗದಿದ್ದರೆ ನೀವು ಹಚ್ಚಿದ ಹೊತ್ತು ಸರಿಯಿರಲಿಲ್ಲ. ಮದ್ದು ಎಂದೂ ಸೋಲುವುದಿಲ್ಲ. ಸೋಲುವುದು ಮುಖ. ಮೊಡವೆಗಳು ಸಾಮಾನ್ಯವಾಗಿ ತಾವಾಗಿಯೇ ಬಂದು ತಾವಾಗಿಯೇ ಹೋಗುತ್ತವೆ ಎಂಬ ಸಂಗತಿಗೆ ಈ ಕಾನೂನಿನಲ್ಲಿ ಜಾಗವಿಲ್ಲ.

ಹಬೆಯವರದು ಇನ್ನೊಂದು ಪಂಗಡ. ಹಬೆ ಹಿಡಿದರೆ ರಂಧ್ರ ತೆರೆಯುತ್ತದಂತೆ, ತಣ್ಣೀರು ಎರಚಿದರೆ ಮುಚ್ಚುತ್ತದಂತೆ. ರಂಧ್ರಕ್ಕೆ ತೆರೆದು ಮುಚ್ಚುವ ಸ್ನಾಯುವೇ ಇಲ್ಲ. ಬಾಗಿಲೇ ಇಲ್ಲದ ಮನೆಗೆ ಚಿಲಕ ಹಾಕಿದ ಹಾಗಾಯಿತು.

ಅಸಲು ಕಾರಣ ಒಳಗಿದೆ. ಹರೆಯದಲ್ಲಿ ಏರುವ ಹಾರ್ಮೋನು, ಅದರಿಂದ ಹೆಚ್ಚುವ ಜಿಡ್ಡು, ಕಟ್ಟಿಕೊಳ್ಳುವ ರಂಧ್ರ, ಅಲ್ಲಿ ಬೀಡುಬಿಡುವ ಒಂದು ಬ್ಯಾಕ್ಟೀರಿಯಾ. 2016ರಲ್ಲಿ ವಿಜ್ಞಾನಿಗಳು ಅದರ ಹೆಸರನ್ನು ಪ್ರೊಪಿಯಾನಿಬ್ಯಾಕ್ಟೀರಿಯಂ ಇಂದ ಕ್ಯುಟಿಬ್ಯಾಕ್ಟೀರಿಯಂ ಎಂದು ಬದಲಿಸಿದರು. ಅದಕ್ಕೆ ಸುದ್ದಿ ಮುಟ್ಟಿಲ್ಲ, ಹಳೇ ಕೆಲಸವನ್ನೇ ಮಾಡಿಕೊಂಡಿದೆ. ಇದ್ಯಾವುದಕ್ಕೂ ಟೂತ್‌ಪೇಸ್ಟ್ ಉತ್ತರವಲ್ಲ. ಅದು ಚರ್ಮವನ್ನು ಒಣಗಿಸಿ ಕೆರಳಿಸುತ್ತದೆ, ಅಷ್ಟೇ.

ಮನೆಮದ್ದೆಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಊತ ಸ್ವಲ್ಪ ಇಳಿಯುತ್ತದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಟೀ ಟ್ರೀ ಎಂಬ ಮರದ ಎಲೆಯ ಎಣ್ಣೆಯನ್ನು ಪರೀಕ್ಷಿಸಿದ್ದರು. ಬೆನ್ಝಾಯ್ಲ್ ಪೆರಾಕ್ಸೈಡ್ ಎಂಬ ಔಷಧಿಗಿಂತ ನಿಧಾನವಾದರೂ ಎಣ್ಣೆ ಕೆಲಸ ಮಾಡಿತು, ಉರಿಯೂ ಕಡಿಮೆ. ಆದರೆ ಅವರು ಹಚ್ಚಿದ್ದು 5 ಪರ್ಸೆಂಟ್ ಎಣ್ಣೆಯಿದ್ದ ಜೆಲ್. ನಮ್ಮವರು ಬಾಟಲಿಯನ್ನೇ ಮೂಗಿಗೆ ಬಗ್ಗಿಸುತ್ತಾರೆ.

ಹಿಸುಕುವವರ ಬಗ್ಗೆ ಏನು ಹೇಳಲಿ. ಉಗುರಿಗೆ ಸುಮ್ನೆ ಕೂರಲು ಬರುವುದಿಲ್ಲ. ಒತ್ತಿದಾಗ ಅರ್ಧ ಹೊರಗೆ ಬಂದರೆ ಉಳಿದರ್ಧ ಇನ್ನೂ ಆಳಕ್ಕೆ ಇಳಿಯುತ್ತದೆ. ನಾಲ್ಕು ದಿನದ ಅತಿಥಿಗೆ ಖಾಯಂ ಕಲೆಯ ಪಟ್ಟಾ ಬರೆದುಕೊಟ್ಟ ಹಾಗೆ.

ಕೊನೆಗೆ ನಾನು ಗುಟ್ಟಾಗಿ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಮಾತು ಮುಗಿಸಲು ಎರಡೇ ನಿಮಿಷ ತೆಗೆದುಕೊಂಡರು. ದಿನಕ್ಕೆ ಎರಡು ಸಲ ಮೆದುವಾದ ಕ್ಲೆನ್ಸರ್‌ನಿಂದ ಮುಖ ತೊಳೆಯಿರಿ, ಇನ್ನೇನೂ ಸುರಿಯಬೇಡಿ, 2.5 ಪರ್ಸೆಂಟ್ ಬೆನ್ಝಾಯ್ಲ್ ಪೆರಾಕ್ಸೈಡ್ ತೆಳ್ಳಗೆ ಹಚ್ಚಿ, 8ರಿಂದ 12 ವಾರ ಕಾಯಿರಿ. 12 ವಾರ! ನಿಂಬೆಹಣ್ಣಿನವರು ಒಂದೇ ರಾತ್ರಿ ಸಾಕು ಅಂದಿದ್ದರು. ಈ ಮುಲಾಮು ಬಟ್ಟೆಯ ಬಣ್ಣ ತೆಗೆಯುತ್ತದೆ ಅಂತಲೂ ಡಾಕ್ಟರು ಎಚ್ಚರಿಸಿದ್ದರು. ನಾನು ಮರೆತೆ. ನನ್ನ ನೀಲಿ ದಿಂಬಿನ ಕವರು ಈಗ ಅಲ್ಲಲ್ಲಿ ಬಿಳಿ.

ಹತ್ತನೆಯ ವಾರಕ್ಕೆ ಮೂಗು ಮೂಗಿನಂತೆ ಕಂಡಿತು. ಅದೇ ದಿನ ನಿಂಬೆಹಣ್ಣಿನವರು ಎದುರಾದರು. ಕನ್ನಡಕ ಏರಿಸಿಕೊಂಡು ಹತ್ತಿರದಿಂದ ನೋಡಿದರು.

"ನೋಡಿದ್ರಾ? ನಾನು ಹೇಳಿರಲಿಲ್ವಾ?"

ಬಾಯಿ ತೆರೆಯುವಷ್ಟರಲ್ಲಿ ಅವರು ಮೊಬೈಲ್ ತೆಗೆದು ನನ್ನ ಮೂಗಿನ ಫೋಟೋ ಹೊಡೆದುಕೊಂಡಾಗಿತ್ತು. ಈಗ ಮೊಡವೆಯವರು ಯಾರೇ ಸಿಕ್ಕಿದರೂ ಮೊದಲು ಆ ಫೋಟೋ ತೋರಿಸುತ್ತಾರಂತೆ, ಆಮೇಲೆ ನಿಂಬೆಹಣ್ಣು.