ಪೆಟ್ಟಿಗೆ ಊರು ಬಿಡುವ ಮುನ್ನ

2025ರ ಫೆಬ್ರವರಿ 23ರ ಭಾನುವಾರ ಸಂಜೆ ಆರು ಗಂಟೆಗೆ, ನಾನು ವಾಸವಾಗಿರುವ ಜರ್ಮನಿಯ ಎರ್ಲಾಂಗೆನ್ ಊರಿನ ಶಾಲೆಯೊಂದರ ಕೊಠಡಿಯಲ್ಲಿ ಗೋಡೆಗೆ ಒರಗಿ ನಿಂತು, ಅಲ್ಲಿನ ಸಂಸತ್ತಿನ ಚುನಾವಣೆಯ ಮತ ಎಣಿಕೆಯನ್ನು ನೋಡಿದೆ. ನನ್ನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ಆ ಚುನಾವಣೆಯಲ್ಲಿ ನನಗೆ ಮತವಿರಲಿಲ್ಲ. ಆದರೂ ಒಳಗೆ ಹೋಗುವಾಗ ಯಾರೂ ಗುರುತಿನ ಚೀಟಿ ಕೇಳಲಿಲ್ಲ, ಏಕೆಂದರೆ ಎಣಿಕೆ ನೋಡಲು ಅಲ್ಲಿ ಯಾರು ಬೇಕಾದರೂ ಬರಬಹುದು. ಗಾಲಿಯಿದ್ದ, ನಮ್ಮ ಕಣ್ಣಿಗೆ ಕಸದ ಡಬ್ಬದಂತೆಯೇ ಕಾಣುವ ಮತಪೆಟ್ಟಿಗೆಯನ್ನು ಜೋಡಿಸಿಟ್ಟ ಮೇಜುಗಳ ಮೇಲೆ ಬೋರಲು ಹಾಕಿ, ಅದೇ ಬಡಾವಣೆಯ ಏಳೆಂಟು ಮಂದಿ ಮಡಿಕೆ ಬಿಚ್ಚಿ ಕಟ್ಟುಗಳನ್ನು ಮಾಡತೊಡಗಿದರು. ಎಡಗಡೆ ಕಪ್ಪಕ್ಷರದಲ್ಲಿ ಅಭ್ಯರ್ಥಿಗೆ ಒಂದು ಮತ, ಬಲಗಡೆ ನೀಲಿಯಲ್ಲಿ ಪಕ್ಷಕ್ಕೆ ಇನ್ನೊಂದು. ಒಂದು ಮತಪತ್ರದಲ್ಲಿ ಗುಣಾಕಾರದ ಗುರುತು ಎರಡು ವೃತ್ತಗಳ ನಡುವೆ ಬಿದ್ದಿತ್ತು. ಅದನ್ನು ಎಲ್ಲರೂ ನೋಡಿ, ಕೈಯೆತ್ತಿ ತೀರ್ಮಾನಿಸಿ, ಹಿಂಬದಿಯಲ್ಲಿ ಆ ತೀರ್ಮಾನವನ್ನು ಬರೆದು ಕ್ರಮಸಂಖ್ಯೆ ಹಾಕಿ ವರದಿಗೆ ಲಗತ್ತಿಸಿದರು. ಇಷ್ಟಕ್ಕೆ ಅವರಿಗೆ ಸಿಗುವುದು ‘ಉಪಾಹಾರದ ಹಣ’ ಎಂಬ ಹೆಸರಿನ ಅಲ್ಪ ಭತ್ಯೆ.

ಈ ದೇಶದವರು ಯಂತ್ರವನ್ನು ಕಾಣದವರೇನಲ್ಲ. 2005ರ ಸಂಸತ್ತಿನ ಚುನಾವಣೆಯಲ್ಲಿ ಸುಮಾರು 20 ಲಕ್ಷ ಮತದಾರರು ನೆದರ್‌ಲೆಂಡ್ಸ್‌ನ ನೆಡಾಪ್ ಕಂಪನಿಯ ಮತಯಂತ್ರಗಳಲ್ಲಿ ಮತ ಹಾಕಿದ್ದರು. ತಂದೆ ಮತ್ತು ಮಗ ಸಲ್ಲಿಸಿದ ದೂರಿನ ಮೇಲೆ ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯ 2009ರ ಮಾರ್ಚ್ 3ರಂದು, ಆ ಯಂತ್ರಗಳ ಬಳಕೆ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ವಂಚನೆ ನಡೆದಿದೆಯೆಂದು ನ್ಯಾಯಾಲಯ ಹೇಳಲಿಲ್ಲ, ಚುನಾವಣೆಯನ್ನು ರದ್ದುಪಡಿಸಲೂ ಇಲ್ಲ. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ನಾಗರಿಕನೂ ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ತಾನೇ ಪರಿಶೀಲಿಸಲು ಸಾಧ್ಯವಾಗಬೇಕು ಎಂಬುದಷ್ಟೇ ಅದರ ನಿಲುವು.

ಭಾರತದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದ ದಿನ ನಾನು ಮೈಸೂರಿನಲ್ಲಿದ್ದೆ. ಹೊರದೇಶದಲ್ಲಿರುವ ಮತದಾರ ಊರಿಗೇ ಬಂದು, ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕೆಂಬುದು ನಿಯಮವಾದ್ದರಿಂದ, 2024ರ ಏಪ್ರಿಲ್ 26ರ ಬೆಳಿಗ್ಗೆ ಸಾಲಿನಲ್ಲಿ ನಿಂತು, ಮೈಸೂರಿನಲ್ಲೇ ತಯಾರಾದ ಶಾಯಿಯನ್ನು ಬೆರಳಿಗೆ ಹಚ್ಚಿಸಿಕೊಂಡು ಗುಂಡಿ ಒತ್ತಿದೆ. ಮತ ಯಾರಿಗೆ ಬಿತ್ತೆಂದು ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಉಪಕರಣದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ಕಂಡು ಕೆಳಗೆ ಬಿತ್ತು. ಅದೇ ದಿನ ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತಾ ಅವರ ಪೀಠ, ಮತಪತ್ರಕ್ಕೆ ಮರಳಬೇಕು ಅಥವಾ ಚೀಟಿಗಳನ್ನೆಲ್ಲ ಎಣಿಸಬೇಕು ಎಂಬ ಬೇಡಿಕೆಗಳನ್ನು ತಳ್ಳಿಹಾಕಿತು. ವಿಚಾರಣೆಯ ವೇಳೆ ಜರ್ಮನಿಯ ಉದಾಹರಣೆ ಬಂದಾಗ, ಪಶ್ಚಿಮ ಬಂಗಾಳವೊಂದರ ಜನಸಂಖ್ಯೆಯೇ ಆ ದೇಶದ್ದಕ್ಕಿಂತ ಹೆಚ್ಚು ಎಂಬ ಮಾತು ಪೀಠದಿಂದ ಬಂದಿತ್ತು.

ಈ ಜನಸಂಖ್ಯೆಯ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. 97 ಕೋಟಿ ಮತದಾರರಿಗೆ ಸುಮಾರು ಹತ್ತೂವರೆ ಲಕ್ಷ ಮತಗಟ್ಟೆಗಳೂ ಇದ್ದವು. ಒಂದು ಮತಗಟ್ಟೆಯ ಪಾಲಿಗೆ ಬರುವುದು ಸಾವಿರದ ಆಸುಪಾಸಿನ ಕಾಗದಗಳು, ಎರ್ಲಾಂಗೆನ್ನಿನ ಆ ಮೇಜಿನ ಮೇಲಿದ್ದುದಕ್ಕಿಂತ ತೀರಾ ಹೆಚ್ಚೇನಲ್ಲ. ವ್ಯತ್ಯಾಸವಿರುವುದು ಎಣಿಕೆ ನಡೆಯುವ ಜಾಗದಲ್ಲಿ ಮತ್ತು ಹೊತ್ತಿನಲ್ಲಿ. ಅಲ್ಲಿ ಪೆಟ್ಟಿಗೆ ಊರು ಬಿಡುವ ಮುನ್ನವೇ ಲೆಕ್ಕ ಮುಗಿದಿರುತ್ತದೆ. ನಮ್ಮಲ್ಲಿ ಕಾಗದದ ಕಾಲದಲ್ಲೂ ಪೆಟ್ಟಿಗೆ ಲಾರಿ ಹತ್ತಿ ತಾಲ್ಲೂಕು, ಜಿಲ್ಲಾ ಕೇಂದ್ರಕ್ಕೆ ಹೋಗುತ್ತಿತ್ತು. ಯಂತ್ರಕ್ಕೂ ಅದೇ ಪ್ರಯಾಣ, ಅದೇ ಸ್ಟ್ರಾಂಗ್ ರೂಮು. ಆದ್ದರಿಂದ ಬರೀ ಮತಪತ್ರವನ್ನು ಮರಳಿ ತಂದು ಈ ಪ್ರಯಾಣವನ್ನು ಹಾಗೆಯೇ ಉಳಿಸಿಕೊಂಡರೆ ಜರ್ಮನಿಯ ಪದ್ಧತಿ ನಮಗೆ ಬಂದಂತಾಗುವುದಿಲ್ಲ.

ಹಾಗಾದರೆ ಮತಗಟ್ಟೆಯಲ್ಲೇ ಎಣಿಸಬಾರದೇಕೆ ಎಂದು ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದ, ಹಲವು ಸಲ ಚುನಾವಣಾ ಡ್ಯೂಟಿ ಮಾಡಿದ ನನ್ನ ತಂದೆಯವರನ್ನು ಕೇಳಿದೆ. “ಮಾರನೇ ದಿನ ಆ ಊರಲ್ಲಿ ಬದುಕೋರು ಯಾರಪ್ಪ?” ಎಂದರು. ಮತಪತ್ರದ ಹಿಂಬದಿಗೆ ಸಹಿ ಹಾಕಿ ಹಾಕಿ ಬೆರಳು ಮರಗಟ್ಟುತ್ತಿದ್ದುದನ್ನೂ, ಸೀಲಿನ ಶಾಯಿ ಇನ್ನೊಂದು ಚಿಹ್ನೆಗೆ ಅಂಟದಿರಲೆಂದು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಚಲು ಹೇಳಿಕೊಡುತ್ತಿದ್ದುದನ್ನೂ ಅವರು ಮರೆತಿಲ್ಲ. ಯಾವ ಕೇರಿ ಯಾರಿಗೆ ಹಾಕಿತು ಎಂಬುದು ತಿಳಿದರೆ ನೀರಿನಿಂದ ಹಿಡಿದು ರಸ್ತೆಯವರೆಗೆ ಸೇಡು ತೀರಿಸಿಕೊಳ್ಳಬಹುದು ಎಂಬ ಭಯದಿಂದಲೇ, ಬೇರೆಬೇರೆ ಮತಗಟ್ಟೆಗಳ ಮತಪತ್ರಗಳನ್ನು ಡ್ರಮ್ಮಿನಲ್ಲಿ ಕಲಸಿ ಎಣಿಸುವ ಕ್ರಮ ಬಂದಿತ್ತು. ವಿಪರ್ಯಾಸವೆಂದರೆ ಯಂತ್ರ ಬಂದ ಮೇಲೆ ಆ ರಕ್ಷಣೆ ಹೋಯಿತು. ಈಗ ಫಲಿತಾಂಶದ ಪಟ್ಟಿಯಾದ ನಮೂನೆ 20ರಲ್ಲಿ ಮತಗಟ್ಟೆವಾರು ಅಂಕಿಗಳನ್ನು ಯಾರು ಬೇಕಾದರೂ ಓದಬಹುದು. ಹಲವು ಯಂತ್ರಗಳ ಮತಗಳನ್ನು ಕೂಡಿಸಿ ತೋರಿಸುವ ಟೋಟಲೈಸರ್ ಉಪಕರಣವನ್ನು ಚುನಾವಣಾ ಆಯೋಗವೇ ಸೂಚಿಸಿದ್ದರೂ ಕೇಂದ್ರ ಒಪ್ಪಲಿಲ್ಲ.

ಯಂತ್ರದ ಉಪಕಾರವನ್ನು ಮರೆಯುವುದೂ ಸರಿಯಲ್ಲ. ಕುಲಗೆಟ್ಟ ಮತ ಎಂಬ ಮಾತೇ ಮತಗಟ್ಟೆಯಿಂದ ಮಾಯವಾಯಿತು. ನಿಮಿಷಕ್ಕೆ ನಾಲ್ಕಕ್ಕಿಂತ ಹೆಚ್ಚು ಮತ ಬೀಳದಂತಿರುವುದರಿಂದ, ಮತಗಟ್ಟೆ ವಶಪಡಿಸಿಕೊಂಡು ಕಟ್ಟುಗಟ್ಟಲೆ ಮುದ್ರೆ ಒತ್ತುತ್ತಿದ್ದವರ ಆಟ ಮೊದಲಿನಂತೆ ನಡೆಯುವುದಿಲ್ಲ. 1996ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಬೆಳಗಾವಿಯೊಂದರಲ್ಲೇ 456 ಅಭ್ಯರ್ಥಿಗಳಿದ್ದರು. ಅಷ್ಟು ಹೆಸರುಗಳನ್ನು ಹೊತ್ತ ಮತಪತ್ರವನ್ನು ಬಿಡಿಸಿ, ಓದಿ, ಮತ್ತೆ ಮಡಿಚಿ, ಕೊನೆಗೆ ಎಣಿಸುವುದನ್ನು ಊಹಿಸಿಕೊಂಡರೆ ಕಾಗದದ ಮೇಲಿನ ಮೋಹ ಸ್ವಲ್ಪ ಇಳಿಯುತ್ತದೆ.

ಕಾಗದವೂ ತಪ್ಪುತ್ತದೆ. 2025ರ ಅದೇ ಜರ್ಮನ್ ಚುನಾವಣೆಯಲ್ಲಿ ಬಿ.ಎಸ್.ಡಬ್ಲ್ಯು ಪಕ್ಷಕ್ಕೆ ಸಂಸತ್ತು ಪ್ರವೇಶಿಸಲು ಬೇಕಾದ ಶೇ. 5ರ ಬದಲು ಶೇ. 4.98 ಮತ ಬಂತು. ಆರಂಭದ ಲೆಕ್ಕದಲ್ಲಿ ಸುಮಾರು 13,400 ಇದ್ದ ಕೊರತೆ ಅಂತಿಮ ಲೆಕ್ಕದಲ್ಲಿ ಸುಮಾರು 9,500ಕ್ಕೆ ಇಳಿಯಿತು. ಹೆಸರು ಹೋಲುವ ಇನ್ನೊಂದು ಪಕ್ಷದ ಸಾಲಿನಲ್ಲಿ ಅದರ ಮತಗಳನ್ನು ಬರೆದದ್ದೂ ಅಲ್ಲಲ್ಲಿ ಹೊರಬಿತ್ತು. ದಣಿದ ಕೈಗಳು ಮಾಡುವ ತಪ್ಪು ಇದು. ಆದರೆ ಆ ತಪ್ಪನ್ನು ಹುಡುಕಲು ಕಾಗದ ಉಳಿದಿತ್ತು.

ಇದಕ್ಕೆ ಎದುರಾಗಿ 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ನಡೆದದ್ದನ್ನು ಇಟ್ಟು ನೋಡಬೇಕು. ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಚೀಟಿಯಿಲ್ಲದ ಆ ಕಾಲದ ಯಂತ್ರದಲ್ಲಿ ಮರುಎಣಿಕೆ ಎಂದರೆ ಅದೇ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಅದೇ ಅಂಕಿಯನ್ನು ಓದುವುದು. ಫಲಿತಾಂಶ ತಪ್ಪಿತ್ತು ಎಂದು ನಾನು ಹೇಳುತ್ತಿಲ್ಲ. ಸರಿಯಿತ್ತೆಂದು ಸೋತವರಿಗೆ ತೋರಿಸಲು ಕೈಯಲ್ಲಿ ಬೇರೇನೂ ಇರಲಿಲ್ಲ ಎನ್ನುತ್ತಿದ್ದೇನೆ.

ಈಗ ಚೀಟಿ ಇದೆ. ಗೆಲುವಿನ ಅಂತರ ನೂರಿರಲಿ ಲಕ್ಷವಿರಲಿ, ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಮಾತ್ರ ಕಡ್ಡಾಯವಾಗಿ ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡಲಾಗುತ್ತದೆ. ಯಂತ್ರವನ್ನು ಎಸೆಯುವುದು ಬೇಡ, ಆದರೆ ಅಂತರ ಕಿರಿದಾದಲ್ಲಿ ಎಲ್ಲ ಮತಗಟ್ಟೆಗಳ ಚೀಟಿಗಳನ್ನೂ ಕೈಯಿಂದ ಎಣಿಸುವುದು ನಿಯಮವಾಗಲಿ ಎಂಬುದು ನನ್ನ ಅನಿಸಿಕೆ. ಅದಕ್ಕೆ ದಿನಗಟ್ಟಲೆ ಹಿಡಿಯುತ್ತದೆ ಎಂಬ ಆಕ್ಷೇಪ ಕೇಳಿದಾಗಲೆಲ್ಲ, ನಾನು ಏಪ್ರಿಲ್ 26ರಂದು ಮೈಸೂರಿನಲ್ಲಿ ಹಾಕಿದ ಮತ ಎಣಿಕೆಯಾದದ್ದು ಜೂನ್ 4ರಂದು, 39 ದಿನಗಳ ಬಳಿಕ ಎಂಬುದು ನೆನಪಾಗುತ್ತದೆ. ಎಣಿಕೆ ಹಾಲಿನಲ್ಲಿ ಚೀಟಿ ಎಣಿಸಲೆಂದೇ ಬ್ಯಾಂಕಿನ ಕ್ಯಾಷಿಯರ್ ಕೌಂಟರಿನಂತೆ ತಂತಿ ಜಾಲರಿ ಕಟ್ಟಿದ ಒಂದು ಜಾಗವಿರುತ್ತದೆ. ಅಂಥವು ಇನ್ನೂ ನಾಲ್ಕು ಇದ್ದರೆ, ಕಾಯುವ ಆ 39 ದಿನಗಳಿಗೆ ಮತ್ತೊಂದೆರಡು ದಿನ ಸೇರೀತು.