ಆಗಸ್ಟ್ 15ಕ್ಕೆ ಬಾವುಟ ಕಟ್ಟುವ ವಿದೇಶಿ ವಿದ್ಯಾರ್ಥಿ ಸಂಘಗಳಿಗೆ

ಆಗಸ್ಟ್ ಬಂತೆಂದರೆ ಹೊರದೇಶದ ಭಾರತೀಯ ವಿದ್ಯಾರ್ಥಿ ಸಂಘಗಳಲ್ಲಿ ಡಾನ್ಸಿನ ತಾಲೀಮು, ಸಮೋಸದ ಲೆಕ್ಕ ಶುರು. ಅವೆಲ್ಲ ಇರಲಿ. ಆದರೆ ಹತ್ತು ನಿಮಿಷವನ್ನಾದರೂ, ನಿಮಗಿಂತ ಮುಂಚೆ ಅಲ್ಲಿಗೆ ಓದಲು ಹೋಗಿ ದೇಶದ ಕೆಲಸ ಮಾಡಿದವರಿಗೆ ಕೊಡಿ.

ಲಂಡನ್ನಿನ ಹೈಗೇಟಿನಲ್ಲಿ ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ತೆರೆದ, ಸ್ವಾತಂತ್ರ್ಯ ಹೋರಾಟಗಾರರ ನೆಲೆಯಾದ ಇಂಡಿಯಾ ಹೌಸ್ ವಿದ್ಯಾರ್ಥಿಗಳ ವಸತಿಗೃಹವೇ. ಜರ್ಮನಿಯಲ್ಲಿ ಓದುವವರು 1907ರ ಆಗಸ್ಟ್ 22ನ್ನು ನೆನೆಯಬೇಕು. ಅಂದು ಸ್ಟುಟ್‌ಗಾರ್ಟಿನ ಸಮಾಜವಾದಿ ಸಮ್ಮೇಳನದಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಮೇಡಂ ಕಾಮಾ ಭಾರತದ ಬಾವುಟ ಬಿಚ್ಚಿ ತೋರಿಸಿದರು.

ಕನ್ನಡಿಗರಂತೂ ಡಾ. ನಾ. ಸು. ಹರ್ಡೀಕರರನ್ನು ಬಿಡಲೇಬಾರದು. ಧಾರವಾಡದ ಈ ಹುಡುಗ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು, ಅಮೆರಿಕದಲ್ಲಿ ಲಾಲಾ ಲಜಪತ್ ರಾಯರ ಜೊತೆ ನಿಂತು ಹೋಮ್‌ರೂಲ್ (ಭಾರತಕ್ಕೆ ಸ್ವಯಮಾಡಳಿತ) ಚಳವಳಿಯ ಕೆಲಸ ಮಾಡಿದರು. ವಾಪಸು ಬಂದು 1923ರಲ್ಲಿ ಸ್ವಯಂಸೇವಕರ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಸಾಲಾಗಿ ನಿಂತು ಶಿಸ್ತಿನಿಂದ ಧ್ವಜವಂದನೆ ಮಾಡುವುದನ್ನು ಊರೂರಿಗೆ ಕಲಿಸಿದ್ದು ಈ ದಳ. ಅಮೆರಿಕದ ಕ್ಯಾಂಪಸ್ಸಿನಲ್ಲಿ ಬಾವುಟಕ್ಕೆ ವಂದಿಸುವಾಗ ಅವರ ಹೆಸರು ಹೇಳದಿದ್ದರೆ ಅದು ನಮ್ಮದೇ ಮರೆವು.

ಇನ್ನು ಬಾವುಟ. ಅಮೆರಿಕದ ಆನ್‌ಲೈನ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು 3 ಅಡಿ, 5 ಅಡಿಯದು. ಅದು ಅವರ ವಾಡಿಕೆಯ ಅಳತೆ. ನಮ್ಮದರ ಉದ್ದ, ಎತ್ತರ 3:2 ಇರಬೇಕು: 900×600 ಮಿ.ಮೀ. ಒಳಾಂಗಣಕ್ಕೆ ಸಾಕು, ಕಂಬಕ್ಕೆ 1800×1200. ಚಕ್ರದ ಅರೆಕಾಲು ಎಣಿಸಿ ನೋಡಿ, 24 ಇರಬೇಕು. ಊರಿಂದ ಯಾರಾದರೂ ಬರುವವರಿದ್ದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಬಾವುಟ ತರಿಸಿ. 2021ರ ಡಿಸೆಂಬರಿನ ತಿದ್ದುಪಡಿಯಿಂದ ಪಾಲಿಯೆಸ್ಟರಿಗೂ ಅನುಮತಿ ಇದೆ, ಆದರೂ ಖಾದಿಯ ಗೌರವವೇ ಬೇರೆ. ಮಳೆ ಬಂದರೆ ಮಾತ್ರ ಅದು ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ.

ಎಲ್ಲರೂ ಎಡವುವುದು ಗಂಟಿನಲ್ಲಿ. ಬಾವುಟವನ್ನು ಉದ್ದಕ್ಕೆ ಪಟ್ಟಿಯಾಗಿ ಮಡಿಸಿ, ತುದಿಯಿಂದ ಹಗ್ಗದ ಕಡೆಗೆ ಒಂದರ ಮೇಲೊಂದು ಮಡಿಕೆ ಹಾಕುತ್ತ ಬನ್ನಿ. ಹೂವಿನ ಎಸಳು ಒಣಗಿರಲಿ. ಫ್ರಿಜ್ಜಿನಿಂದ ತೆಗೆದ ಒದ್ದೆ ಎಸಳು ಬಟ್ಟೆಗೆ ಅಂಟಿಕೊಂಡು ಉದುರುವುದೇ ಇಲ್ಲ. ಮಡಿಕೆಯ ಮೇಲೆ, ಹಗ್ಗ ಎಳೆದರೆ ಬಿಚ್ಚುವ ಒಂದೇ ಗಂಟು ಹಾಕಿ. ಭದ್ರವಾಗಲೆಂದು ಎರಡನೆಯದು ಹಾಕಿದಿರೋ, ಎಳೆದಷ್ಟೂ ಬಿಗಿಯುತ್ತದೆ, ಸಭೆಯೆಲ್ಲ ತಲೆಯೆತ್ತಿ ಕಾಯಬೇಕಾಗುತ್ತದೆ. ಹಿಂದಿನ ದಿನವೇ ಅದೇ ಕಂಬದಲ್ಲಿ ಒಮ್ಮೆ ಎಳೆದು ನೋಡಿ. ಆತಿಥೇಯ ದೇಶದ ಬಾವುಟ ಇರುವ ಕಂಬಕ್ಕೇ ನಮ್ಮದನ್ನೂ ಕಟ್ಟಬೇಡಿ, ಎರಡನೇ ಕಂಬ ಕೇಳಿ. ಕಂಬವೇ ಸಿಗದೆ ಗೋಡೆಗೆ ಉದ್ದುದ್ದ ಇಳಿಬಿಡುವುದಾದರೆ, ನೋಡುವವರ ಎಡಕ್ಕೆ ಕೇಸರಿ ಬರಲಿ.

ಬಹಳ ಕಡೆ ಆಗಸ್ಟ್ ರಜೆಯ ಕಾಲ, ಕ್ಯಾಂಪಸ್ ಖಾಲಿ. 15ರ ಬೆಳಿಗ್ಗೆ ರಾಯಭಾರ ಕಚೇರಿಯ ಧ್ವಜಾರೋಹಣಕ್ಕೆ ಹೋಗಿ, ನಿಮ್ಮ ಕಾರ್ಯಕ್ರಮವನ್ನು ವಾರಾಂತ್ಯಕ್ಕಿಟ್ಟರೂ ತಪ್ಪಿಲ್ಲ.

ರಾಷ್ಟ್ರಗೀತೆಗೆ ರೆಕಾರ್ಡ್ ಹಾಕಬೇಡಿ, ಹಾಡಿ. ಸುಮಾರು 52 ಸೆಕೆಂಡು ಅಷ್ಟೇ. ಶ್ರುತಿ ಹಿಡಿದು ಮೊದಲ ಸಾಲು ಎತ್ತಿಕೊಡಲು ಒಬ್ಬರನ್ನು ಗೊತ್ತು ಮಾಡಿ. ಮೊದಲೇ ಏರಿಸಿ ಹಿಡಿದರೆ ಕೊನೆಯ ‘ಜಯ ಹೇ’ಗೆ ಅರ್ಧ ಸಭೆಯ ಗಂಟಲು ಕಟ್ಟುತ್ತದೆ, ಅದಕ್ಕೇ ಸ್ವಲ್ಪ ತಗ್ಗಿಸಿಯೇ ಶುರುಮಾಡಿ.