ಇಳಿಯುವ ಗಡಿಯಾರ

ಏಪ್ರಿಲ್ ಕೊನೆಯಲ್ಲಿ ಮಗಳ ಮನೆಗೆಂದು ನೆದರ್‌ಲ್ಯಾಂಡ್ಸ್‌ಗೆ ಹೋಗಿ ಬಂದೆನಲ್ಲ, ಟುಲಿಪ್ ಫೋಟೊ ಎಲ್ಲಿ ಎಂದು ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ. ಆದರೆ ಚಿಕ್ಕಬಳ್ಳಾಪುರದ ಸೇವಂತಿಗೆ ತೋಟದಲ್ಲಿ ಹುಟ್ಟಿ ಬೆಳೆದವಳ ಕಣ್ಣು ಹೋದದ್ದು ಬೇರೆ ಕಡೆಗೆ.

ಕ್ಯೂಕೆನ್‌ಹಾಫ್ ಉದ್ಯಾನ ಚೆಂದವೇ. 32 ಹೆಕ್ಟೇರ್, ವರ್ಷಕ್ಕೆ ಸುಮಾರು 70 ಲಕ್ಷ ಗಡ್ಡೆ ನೆಡುತ್ತಾರಂತೆ. ಮಂಡಿ ನೋವು ಬಂತು, ಅಷ್ಟೇ.

ಅದರ ಹೊರಗಿನ ಹೊಲದಲ್ಲಿ ಮಾತ್ರ ನಿಂತುಬಿಟ್ಟೆ. ಯಂತ್ರವೊಂದು ಸಾಲಿನುದ್ದಕ್ಕೂ ಅರಳಿದ ಹೂವಿನ ತಲೆಗಳನ್ನು ಕತ್ತರಿಸಿ ಉದುರಿಸುತ್ತಿತ್ತು! ಹೂವಿಗೆ ಹೋಗುವ ಸತ್ವ ಗಡ್ಡೆಗೆ ಇಳಿಯಲಿ ಎಂದು. ಆ ಹೊಲದವರು ಮಾರುವುದು ಗಡ್ಡೆಯನ್ನು, ಹೂವನ್ನಲ್ಲ. ಬದುವಿನ ಬಳಿ ಬಿದ್ದಿದ್ದ ಒಂದನ್ನು ಎತ್ತಿಕೊಂಡೆ. ಆರು ಎಸಳು, ಮೇಣ ಸವರಿದ ಹಾಗೆ ನುಣುಪು, ಬುಡದಲ್ಲಿ ಕಾಡಿಗೆಯಂಥ ಕಪ್ಪು. ಮೂಸಿದರೆ ಹಸಿ ಹುಲ್ಲಿನ ವಾಸನೆ. ದಾರಕ್ಕೆ ಕಟ್ಟಲು ಬರುವ ಹೂವಲ್ಲ ಬಿಡಿ, ಮುಡಿಯುವ ಮಾತು ದೂರವೇ ಉಳಿಯಿತು.

ಇದೇ ಟುಲಿಪ್‌ಗೆ ಹಿಂದೆ ಅಲ್ಲಿಯ ಜನ ಹುಚ್ಚು ಹಿಡಿದು ದುಡ್ಡು ಸುರಿದರು. 1637ರ ಫೆಬ್ರುವರಿಯಲ್ಲಿ ಬೆಲೆ ದಡಾರನೆ ಬಿತ್ತು. ಎಲ್ಲಕ್ಕಿಂತ ದುಬಾರಿಯಾಗಿದ್ದದ್ದು ಬಿಳಿ ಎಸಳಿನ ಮೇಲೆ ಕೆಂಪು ಗೆರೆ ಎಳೆದಂಥ ಹೂವು. ಆ ಗೆರೆ ಗಿಡಹೇನುಗಳು ಹರಡುವ ವೈರಸ್ ರೋಗದ ಗುರುತು ಎಂದು ತಿಳಿದದ್ದು 20ನೇ ಶತಮಾನದಲ್ಲಿ. ನಮ್ಮ ತೋಟದಲ್ಲಿ ಹೇನು ಕಂಡರೆ ನನ್ನ ತಮ್ಮ ರಾತ್ರಿ ನಿದ್ದೆ ಮಾಡುವುದಿಲ್ಲ.

ಆಲ್ಸ್‌ಮೇರ್‌ನ ಹೂವಿನ ಹರಾಜಿಗೆ ಬೆಳಗ್ಗೆ ಏಳಕ್ಕೇ ಮಗಳನ್ನು ಎಬ್ಬಿಸಿಕೊಂಡು ಹೋದೆ. ಮೇಲಿನ ಸೇತುವೆಯಿಂದ ನೋಡಿದರೆ ಕೆಳಗೆ ಹೂವಿನ ಬಂಡಿಗಳು ರೈಲಿನಂತೆ ಒಂದರ ಹಿಂದೊಂದು ಓಡುತ್ತಿದ್ದವು. ಕೆನ್ಯಾ, ಇಥಿಯೋಪಿಯಾದ ಗುಲಾಬಿಯೂ ಅಲ್ಲಿಗೆ ಬರುತ್ತದೆ. ನಮ್ಮಲ್ಲಿ ಹರಾಜೆಂದರೆ ಕೂಗಿ ಏರಿಸುವುದು. ಅಲ್ಲಿ ಗಡಿಯಾರದ ಮೇಲೆ ದರ ಎತ್ತರದಿಂದ ಶುರುವಾಗಿ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಇನ್ನೂ ಇಳಿಯಲಿ ಎಂದು ಕಾದರೆ ಪಕ್ಕದವನು ಹೊಡೆದುಕೊಂಡು ಹೋಗುತ್ತಾನೆ. 1887ರಲ್ಲಿ ಬ್ರೂಕ್ ಆಪ್ ಲಾಂಗೆಡೈಕ್ ಎಂಬ ಊರಿನಲ್ಲಿ ತರಕಾರಿ ಮಾರಲು ಶುರುವಾದ ಇಳಿಕೆಯ ಹರಾಜು ಇದು. ಘಾಟಿ ದನಗಳ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನೋಡಿದವಳಿಗೆ, ಎಲ್ಲರ ಕಣ್ಣೆದುರು ಬೆಲೆ ಇಳಿಯುವುದನ್ನು ನೋಡುವುದೇ ಒಂದು ತಮಾಷೆ.

ಆಲ್ಸ್‌ಮೇರ್‌ನ ಹರಾಜು ನಡೆಸುವ ಸಂಸ್ಥೆ ಬೆಳೆಗಾರರದೇ ಸಹಕಾರ ಸಂಘ. ನನ್ನನ್ನು ಕಾಡುತ್ತಿರುವುದು ಇದೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೇವಂತಿಗೆ ಮಾರು ಎಷ್ಟಾಯಿತು ಎಂದು ಗೊಣಗುವ ನಾವು, ಹಬ್ಬ ಮುಗಿದ ವಾರ ಅದೇ ಹೂವನ್ನು ರೈತ ರಸ್ತೆ ಬದಿಗೆ ಸುರಿದು ಹೋದಾಗ ಫೋಟೊ ತೆಗೆಯುತ್ತೇವೆ. ಕೂಲಿ, ಬಾಡಿಗೆ ಕೂಡಾ ಹುಟ್ಟದ ದಿನ ನನ್ನ ತಮ್ಮ ಮೂಟೆ ಬಿಚ್ಚದೆ ವಾಪಸ್ ತಂದು ತಿಪ್ಪೆಗೆ ಹಾಕಿದ್ದನ್ನು ಕಂಡಿದ್ದೇನೆ. ಸಂಘ ಇದ್ದರೂ ದರ ಬೀಳುತ್ತದೆ, ಬಲ್ಲೆ. ಆದರೆ ಬಿದ್ದ ದರ ಎಷ್ಟು, ಯಾರು ಕೊಂಡರು ಎಂಬುದಾದರೂ ಬೆಳೆದವನಿಗೆ ಕಾಣಬೇಕಲ್ಲವೇ?

ಅಲ್ಲಿಂದಲೇ ವಿಡಿಯೊ ಕರೆ ಮಾಡಿ ತಮ್ಮನಿಗೆ ಎಲ್ಲವನ್ನೂ ತೋರಿಸಿದೆ. ಗಡಿಯಾರದ ಬಗ್ಗೆ ಬಹಳ ಹುರುಪಿನಿಂದ ಹೇಳುತ್ತಿದ್ದೆ. ಅವನು ಹೂವು ಬಿಡಿಸುತ್ತಲೇ ಕೇಳಿಸಿಕೊಂಡು, "ಗಡಿಯಾರ ಬೇಕಾದರೆ ನಾನೇ ತಂದು ನೇತುಹಾಕುತ್ತೇನೆ ಅಕ್ಕ, ಆ ಹೂವಿನ ಮಂಡಿ ಯಾರದು ಅಂತ ಇನ್ನೊಮ್ಮೆ ಹೇಳು" ಎಂದ.